ಮೀನಿನ ತೊಟ್ಟಿಗೆ ಮರದ ಸ್ಟ್ಯಾಂಡ್: ಗಟ್ಟಿ ಕೆಲಸಕ್ಕೆ 16 ಸೂತ್ರಗಳು

ಖಾಲಿ ಗಾಜಿನ ತೊಟ್ಟಿಯನ್ನು ಇಬ್ಬರು ಎತ್ತಿ ಆಟೋದಲ್ಲಿ ಮನೆಗೆ ತರಬಹುದು. ನೀರು, ಜಲ್ಲಿ, ಕಲ್ಲು ತುಂಬಿದ ಮೇಲೆ ಅದೇ ತೊಟ್ಟಿ ಮೂರು ನಾಲ್ಕು ಜನ ದೊಡ್ಡವರ ತೂಕ ತೂಗುತ್ತದೆ. ಆ ಭಾರ ಹಗಲು ರಾತ್ರಿ, ವರ್ಷಗಟ್ಟಲೆ ಒಂದೇ ಕಡೆ ಕೂತಿರುತ್ತದೆ. ಹಳೆಯ ಟೀವಿ ಮೇಜು, ಪುಸ್ತಕದ ಕಪಾಟು ಇಂಥ ಕೆಲಸಕ್ಕೆ ಮಾಡಿದವಲ್ಲ.

ಹಾಗೆಂದು ಹೆದರಬೇಕಾಗಿಲ್ಲ. ಒಳ್ಳೆಯ ಮರಕ್ಕೆ ಇದು ದೊಡ್ಡ ಭಾರವೇ ಅಲ್ಲ. ಮರದ ಸ್ಟ್ಯಾಂಡ್ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಓಲಾಟ, ಓರೆ, ಒದ್ದೆ. ಈ ಮೂರನ್ನೂ ಮೊದಲೇ ತಡೆದರೆ ರಜೆಯ ದಿನಗಳಲ್ಲಿ ಮನೆಯಲ್ಲೇ ಮಾಡಿದ ಸ್ಟ್ಯಾಂಡ್ ಅಂಗಡಿಯದಕ್ಕಿಂತ ಹೆಚ್ಚು ಬಾಳುತ್ತದೆ. ಇಲ್ಲಿನ ಲೆಕ್ಕವೆಲ್ಲ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ.

1. ಮರ ಕೊಳ್ಳುವ ಮೊದಲು ತೂಕ ಲೆಕ್ಕ ಹಾಕಿ

ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಮೇಲೆ ಒಂದೆರಡು ಅಂಗುಲ ಬಿಟ್ಟು ತುಂಬಿದರೆ ಈ ತೊಟ್ಟಿ ಸುಮಾರು 160 ಲೀಟರ್ ಹಿಡಿಯುತ್ತದೆ. 8 ಮಿ.ಮೀ. ಗಾಜು ಚದರ ಮೀಟರಿಗೆ 20 ಕಿಲೋ ತೂಗುವುದರಿಂದ ಗಾಜಿನದೇ 33 ಕಿಲೋ ಆಗುತ್ತದೆ. ಜಲ್ಲಿ 30 ಕಿಲೋ ಇಟ್ಟುಕೊಳ್ಳಿ. ಕಲ್ಲು, ಮುಚ್ಚಳ, ಫಿಲ್ಟರ್ ಸೇರಿ 230ರಿಂದ 240 ಕಿಲೋಗೆ ಬಂದು ನಿಲ್ಲುತ್ತದೆ. ನಿಮ್ಮ ತೊಟ್ಟಿಯ ಲೆಕ್ಕವನ್ನೂ ಹೀಗೇ ಬರೆದಿಡಿ.

2. ಜಾಗವನ್ನು ಮೊದಲೇ ಗೊತ್ತು ಮಾಡಿ

ವಾಸದ ಕೋಣೆಗಳ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಬೇಕೆಂಬುದು ಐಎಸ್ 875 ಮಾನದಂಡದ ಲೆಕ್ಕ. ನಮ್ಮ ತೊಟ್ಟಿ ಅರ್ಧ ಚದರ ಮೀಟರಿಗೂ ಕಡಿಮೆ ಜಾಗದಲ್ಲಿ 240 ಕಿಲೋ ಹೇರುತ್ತದೆ. ಕಾಂಕ್ರೀಟ್ ನೆಲ ಆ ಭಾರವನ್ನು ಸುತ್ತಲೂ ಹಂಚಿಕೊಳ್ಳುವುದರಿಂದ ಈ ಅಳತೆಯ ತೊಟ್ಟಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಕೋಣೆಯ ನಡುವೆ ಬೇಡ, ಭಾರ ಹೊರುವ ಗೋಡೆಯ ಪಕ್ಕ ಇಡಿ. ಮರದ ಅಟ್ಟವಿರುವ ಹಳೆಯ ಮನೆಯ ಮೇಲಂತಸ್ತಾದರೆ, ಅಥವಾ ತೊಟ್ಟಿ 4 ಅಡಿಗಿಂತ ದೊಡ್ಡದಾದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ.

ಕಾಲು ಕೂರುವ ಕಡೆ ಟೈಲ್ಸನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲವೆಂದು ಅರ್ಥ. ಭಾರ ಬಿದ್ದರೆ ಅಂಥ ಟೈಲ್ಸ್ ಸೀಳಬಹುದು. ನೇರ ಬಿಸಿಲು ಬೀಳುವ ಜಾಗವನ್ನೂ ಬಿಡಿ, ಪಾಚಿ ಕಾಟ ತಪ್ಪುತ್ತದೆ.

3. ಕೈಯಲ್ಲಿರುವ ತೊಟ್ಟಿಯನ್ನೇ ಅಳೆಯಿರಿ

"ಮೂರಡಿ ಟ್ಯಾಂಕ್" ಎಂದು ಕೊಂಡದ್ದು ಕಾಲು ಅಂಗುಲ ಹೆಚ್ಚು ಕಡಿಮೆ ಇರಬಹುದು. ಟೇಪ್ ಹಿಡಿದು ತಳ ಅಳೆದು ಕಾಗದದ ಮೇಲೆ ಚಿತ್ರ ಬರೆಯಿರಿ. ಎತ್ತರ 28ರಿಂದ 30 ಅಂಗುಲ ಇದ್ದರೆ ಕುರ್ಚಿಯಲ್ಲಿ ಕೂತವರಿಗೆ ಮೀನು ಚೆನ್ನಾಗಿ ಕಾಣುತ್ತದೆ, ನಿಂತವರ ಕೈ ತಳದ ಜಲ್ಲಿಗೂ ಎಟುಕುತ್ತದೆ. ಕೆಳಗಿನ ಗೂಡಿನಲ್ಲಿ ಫಿಲ್ಟರ್ ಇಡುವುದಾದರೆ ಅದರ ಅಳತೆಯನ್ನೂ ಚಿತ್ರದಲ್ಲಿ ಸೇರಿಸಿ. ಬಾಗಿಲು ಹಾಕಿದ ಮೇಲೆ ಫಿಲ್ಟರ್ ಒಳಗೆ ಹೋಗದಿದ್ದರೆ ಮಾಡಿದ ಕೆಲಸ ದಂಡ.

4. ಒಣಗಿದ, ನೇರವಾದ ಮರ ಆರಿಸಿ

ಸಾಗುವಾನಿ ಎಲ್ಲಕ್ಕಿಂತ ಮೇಲು, ಬೆಲೆಯೂ ಮೇಲು. ಮತ್ತಿ ಬಲು ಗಟ್ಟಿ. ಕೊಯ್ಯಲು ಕಷ್ಟ, ತೂತು ಕೊರೆಯದೆ ಸ್ಕ್ರೂ ಇಳಿಯುವುದಿಲ್ಲ. ಹೊನ್ನೆಯೂ ಗಟ್ಟಿಯೇ, ಆದರೆ ನೀರು ತಾಗಿದರೆ ಬಣ್ಣ ಬಿಡುವ ಮರವಾದ್ದರಿಂದ ಪಾಲಿಶ್ ಎಲ್ಲೂ ತಪ್ಪಬಾರದು. ಹಲಸು ಚೆನ್ನಾಗಿ ಬಾಳುತ್ತದೆ. ತೋಟದ ಸಿಲ್ವರ್ ಓಕ್ ಬಾಗಿಲಿಗೆ ಸಾಕು, ಕಾಲಿಗೆ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮೆತ್ತಗಿನ ಮರ. ಅದನ್ನೇ ಬಳಸುವುದಾದರೆ ದಪ್ಪ ಹೆಚ್ಚಿಸಿ.

ಯಾವ ಜಾತಿಯೇ ಇರಲಿ, ಹಸಿ ಮರ ಬೇಡ. ಒಣಗಿದೆಯೋ ಇಲ್ಲವೋ ತಿಳಿಯಲು ಸುಲಭ ದಾರಿ ಇದೆ. ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸ್ಟ್ಯಾಂಡ್ ಇಡುವ ಕೋಣೆಯಲ್ಲೇ ಒಂದು ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ಇನ್ನೂ ತೇವ ಹೋಗುತ್ತಿದೆ, ಕಾಯಬೇಕು. ರೀಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಬಾಗು, ತಿರುಚು, ದೊಡ್ಡ ಗಂಟು ಕಂಡರೆ ಅದನ್ನು ಸಾಮಿಲ್‌ನಲ್ಲೇ ಬಿಟ್ಟು ಬನ್ನಿ.

5. ಪ್ಲೈವುಡ್‌ನ ಮುದ್ರೆ ಓದಿ

ಮೇಲಿನ ಹಲಗೆಗೆ 18 ಅಥವಾ 19 ಮಿ.ಮೀ. ದಪ್ಪದ ಪ್ಲೈವುಡ್ ಸಾಕು. ಹಾಳೆಯ ಮೇಲೆ ಐಎಸ್ 710 ಎಂದಿದ್ದರೆ ಅದು ಮರೀನ್ ದರ್ಜೆ, ನೀರಿನ ಹತ್ತಿರದ ಕೆಲಸಕ್ಕೆ ಅದೇ ಸರಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬೇಡವೇ ಬೇಡ. ಅಂಚಿನ ಲ್ಯಾಮಿನೇಟ್ ಎಲ್ಲೋ ಒಂದು ಕಡೆ ಬಿಟ್ಟು ದಿನಕ್ಕೆ ನಾಲ್ಕು ಹನಿ ಒಳಗಿಳಿದರೂ ಸಾಕು, ಬೋರ್ಡ್ ಉಬ್ಬಿ ಪುಡಿಯಾಗಲು ಶುರುವಾಗುತ್ತದೆ. ಉಬ್ಬಿದ ಬೋರ್ಡ್ ಒಣಗಿದರೂ ಹಿಂದಿನ ಗಟ್ಟಿತನ ಬರುವುದಿಲ್ಲ.

6. ಸಲಕರಣೆ ಕಡಿಮೆ ಇರಲಿ, ನಂಬಿಕೆಯದಿರಲಿ

ಟೇಪ್, ಮೂಲೆಮಟ್ಟ, ಎರಡಡಿ ಉದ್ದದ ರಸಮಟ್ಟ, ಗರಗಸ, ಹತ್ತರಿ, ಒಂದು ಉಳಿ, ಡ್ರಿಲ್, ನಾಲ್ಕು ಕ್ಲಾಂಪ್, ಉಪ್ಪುಕಾಗದ. ಇಷ್ಟಿದ್ದರೆ ಕೆಲಸ ಆಗುತ್ತದೆ. ಪ್ಲೈವುಡ್ಡನ್ನು ಅಳತೆಗೆ ಕೊಯ್ದು ಕೊಡುವ ಅಂಗಡಿಗಳಿವೆ, ಅಲ್ಲೇ ಕೊಯ್ಸಿ. ವಿದ್ಯುತ್ ಗರಗಸ ಬಳಸುವುದಾದರೆ ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಸಡಿಲ ತೋಳಿನ ಅಂಗಿ ಬೇಡ.

ಬಳಸುವ ಮೊದಲು ರಸಮಟ್ಟವನ್ನೇ ಪರೀಕ್ಷಿಸಿ. ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ಇಡಿ. ಗುಳ್ಳೆ ಬೇರೆ ಕಡೆ ನಿಂತರೆ ರಸಮಟ್ಟವೇ ಸುಳ್ಳು ಹೇಳುತ್ತಿದೆ.

7. ಭಾರ ಮರದಿಂದ ಮರಕ್ಕೆ ಇಳಿಯಲಿ

ಹದಿನಾರರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. 240 ಕಿಲೋ ನಾಲ್ಕು ಕಾಲಿಗೆ ಹಂಚಿದರೆ ಒಂದೊಂದಕ್ಕೆ 60 ಕಿಲೋ. ಎರಡಂಗುಲ ಚೌಕದ ಕಾಲಾದರೆ ಚದರ ಅಂಗುಲಕ್ಕೆ ಬರೀ 15 ಕಿಲೋ, ನೆಟ್ಟಗೆ ನಿಂತ ಮರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅಪಾಯ ಇರುವುದು ಕೂಡಿಕೆಯಲ್ಲಿ. ಅಡ್ಡಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಇಟ್ಟು ಸ್ಕ್ರೂ ಹೊಡೆದರೆ ತೊಟ್ಟಿಯ ಭಾರವೆಲ್ಲ ಆ ಸ್ಕ್ರೂಗಳ ಕುತ್ತಿಗೆಯ ಮೇಲೆ ಬೀಳುತ್ತದೆ.

ಅದರ ಬದಲು ಮೇಲೊಂದು ಚೌಕಟ್ಟು, ಕೆಳಗೊಂದು ಚೌಕಟ್ಟು ಮಾಡಿ, ನಡುವೆ ಕಾಲುಗಳನ್ನು ನಿಲ್ಲಿಸಿ. ಮೇಲಿನ ಚೌಕಟ್ಟು ಕಾಲಿನ ತಲೆಯ ಮೇಲೆ ಕೂರಬೇಕು. ಕೆಳಗಿನ ಚೌಕಟ್ಟು ನೆಲದ ಮೇಲೆ ಭಾರ ಹಂಚುತ್ತದೆ. ಉಳಿ ಕೆಲಸ ಬರುವವರು ಕಾಲಿಗೆ ಕಚ್ಚು ತೆಗೆದು ಪಟ್ಟಿಯನ್ನು ಅದರಲ್ಲಿ ಕೂರಿಸಬಹುದು. ಹೇಗೆ ಮಾಡಿದರೂ ಎಲ್ಲ ಸ್ಕ್ರೂ ಬಿಚ್ಚಿದರೂ ಭಾರ ಕೆಳಗೆ ಜಾರದಂತಿರಬೇಕು. ಆಗ ಸ್ಕ್ರೂಗೆ ಉಳಿಯುವುದು ಮರಗಳನ್ನು ಅಲುಗದಂತೆ ಹಿಡಿದಿಡುವ ಕೆಲಸ ಮಾತ್ರ.

8. ಪಟ್ಟಿಯನ್ನು ಮಲಗಿಸಬೇಡಿ, ನಿಲ್ಲಿಸಿ

ಒಂದಂಗುಲ ದಪ್ಪ, ಮೂರಂಗುಲ ಅಗಲದ ಪಟ್ಟಿಯನ್ನು ಅಗಲವಾಗಿ ಮಲಗಿಸಿ ಮೇಲೆ ಭಾರ ಇಟ್ಟರೆ ಬಾಗುತ್ತದೆ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಒಂಬತ್ತು ಪಟ್ಟು ಬಿಗಿ. ಖರ್ಚು ಒಂದು ಪೈಸೆ ಹೆಚ್ಚಿಲ್ಲ. 4 ಅಡಿ ಮತ್ತು ಅದಕ್ಕಿಂತ ಉದ್ದದ ಸ್ಟ್ಯಾಂಡಿಗೆ ನಡುವೆ ಇನ್ನೊಂದು ಜೊತೆ ಕಾಲು ಕೊಡಿ.

9. ಒಂದೇ ಅಳತೆ, ನೇರ ಮೂಲೆ

ನಾಲ್ಕು ಕಾಲನ್ನೂ ಬೇರೆ ಬೇರೆ ಅಳೆಯಬೇಡಿ. ಒಂದನ್ನು ಸರಿಯಾಗಿ ಕೊಯ್ದು ಉಳಿದವಕ್ಕೆ ಅದರಿಂದಲೇ ಗುರುತು ಹಾಕಿ. ಗರಗಸದ ಅಲಗು ಸುಮಾರು 3 ಮಿ.ಮೀ. ಮರ ತಿನ್ನುತ್ತದೆ, ಗೆರೆಯ ಹೊರಬದಿಗೆ ಕೊಯ್ಯಿರಿ.

ಚೌಕಟ್ಟು ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. 36 ಅಂಗುಲಕ್ಕೆ 18 ಅಂಗುಲದ ಚೌಕಟ್ಟಾದರೆ ಎರಡೂ ಅಳತೆ 40 ಕಾಲು ಅಂಗುಲ ಬರಬೇಕು. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಚೌಕಟ್ಟು ಓರೆಯಾಗಿದೆ. ಗೋಂದು ಹಸಿಯಿರುವಾಗಲೇ ಉದ್ದ ಬಂದ ಮೂಲೆಗಳನ್ನು ಕ್ಲಾಂಪಿನಿಂದ ಒತ್ತಿ ಸರಿಪಡಿಸಿ.

10. ಗೋಂದು ಮತ್ತು ಸ್ಕ್ರೂ ಜೊತೆಯಾಗಿರಲಿ

ಮಾಮೂಲಿ ಬಿಳಿ ಗೋಂದು ನೀರಿಗೆ ಮೆತ್ತಗಾಗುತ್ತದೆ. ಫೆವಿಕಾಲ್ ಮರೀನ್‌ನಂಥ ನೀರು ತಡೆಯುವ ಗೋಂದು ತನ್ನಿ. ಕೂಡುವ ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಕ್ಲಾಂಪ್ ಬಿಗಿದು, ಹೊರಗೆ ಬಂದ ಗೋಂದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಸ್ಕ್ರೂಗೆ ಮೊದಲು 3 ಮಿ.ಮೀ. ಬಿಟ್ಟಿನಿಂದ ತೂತು ಕೊರೆಯಿರಿ, ಇಲ್ಲದಿದ್ದರೆ ಅಂಚಿನಲ್ಲಿ ಮರ ಸೀಳುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ. ಪ್ಲೈವುಡ್ಡನ್ನು ಚೌಕಟ್ಟಿಗೆ ಕೂಡಿಸಲು 8 ನಂಬರಿನ ಎರಡಂಗುಲದ ಸ್ಕ್ರೂ ಸರಿಹೋಗುತ್ತದೆ. ಮರದ ತುದಿಯಲ್ಲಿ, ಎಳೆಯ ಉದ್ದಕ್ಕೆ ಹೊಡೆದ ಸ್ಕ್ರೂಗೆ ಹಿಡಿತ ಕಡಿಮೆ. ಅಂಥ ಕಡೆ ಒಳಮೂಲೆಗೆ ಒಂದು ಮರದ ತುಂಡು ಕೊಟ್ಟು ಅದಕ್ಕೆ ಹೊಡೆಯಿರಿ. ಆಮೇಲೆ ಒಂದು ದಿನ ಮುಟ್ಟಬೇಡಿ.

11. ಬೆನ್ನಿಗೊಂದು ಹಲಗೆ ಕೊಡಿ

ನಾಲ್ಕು ಕಾಲಿನ ಚೌಕಟ್ಟು ಮೇಲಿಂದ ಎಷ್ಟು ಗಟ್ಟಿಯಾದರೂ ಪಕ್ಕದಿಂದ ತಳ್ಳಿದರೆ ಓಲಾಡುತ್ತದೆ. ಮಕ್ಕಳು ಓಡಿಬಂದು ಒರಗಿದರೂ ಸಾಕು, ತುಂಬಿದ ತೊಟ್ಟಿಯ ನೀರು ಅಲೆಯಾಗಿ ಆ ಓಲಾಟವನ್ನು ಹೆಚ್ಚಿಸುತ್ತದೆ. ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹಾಕಿ ಸುತ್ತಲೂ ಸ್ಕ್ರೂ ಹೊಡೆದರೆ ಉದ್ದದ ಓಲಾಟ ನಿಲ್ಲುತ್ತದೆ. ಎರಡು ಪಕ್ಕಗಳಿಗೂ ಹಾಕಿದರೆ ಹಿಂದೆ ಮುಂದೆ ಓಲಾಡುವುದೂ ನಿಲ್ಲುತ್ತದೆ. ಪೈಪು, ವೈರಿಗೆ ತೂತು ಬೇಕಾದರೆ ಹಲಗೆಯ ನಡುಭಾಗದಲ್ಲಿ ಕೊರೆಯಿರಿ, ಮೂಲೆಗಳನ್ನು ಮುಟ್ಟಬೇಡಿ.

12. ಬಾಗಿಲಿಗೆ ಉಸಿರಾಡಲು ಜಾಗ ಬಿಡಿ

ಮರ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಿಗ್ಗಿದ ಬಾಗಿಲು ತೆರೆಯಲು ಬಾರದು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಅಗಲ ಹಲಗೆ ಬಿರುಕು ಬಿಡುತ್ತದೆ. ಬಾಗಿಲ ಸುತ್ತ 3 ಮಿ.ಮೀ. ಸಂದು ಬಿಡಿ. ಗಾಳಿ ಆಡಲು ಹಿಂದೆ ತೆರಪು ಇರಲಿ, ಒಳಗೆ ತೇವ ನಿಲ್ಲದು.

13. ಮೇಲ್ಮೈಯನ್ನು ಕಾರ್ಡ್ ಇಟ್ಟು ಪರೀಕ್ಷಿಸಿ

ಗಾಜಿಗೆ ಬಾಗಲು ಬಾರದು. ಕೆಳಗಿನ ಹಲಗೆ ಒಂದು ಮೂಲೆಯಲ್ಲಿ ತಗ್ಗಿದ್ದರೆ ಆ ಒತ್ತಡವೆಲ್ಲ ಗಾಜಿನ ಅಂಟಿನ ಮೇಲೆ ಬೀಳುತ್ತದೆ. ಖಾಲಿ ತೊಟ್ಟಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಸುತ್ತಲೂ ಎಟಿಎಂ ಕಾರ್ಡ್ ತೂರಿಸಿ ನೋಡಿ. ಅದರ ದಪ್ಪ 0.76 ಮಿ.ಮೀ. ಕಾರ್ಡ್ ಎಲ್ಲಾದರೂ ಒಳಗೆ ಹೋದರೆ ಎತ್ತರವಿರುವ ಕಡೆ ಹತ್ತರಿ ಹೊಡೆದು ಸಮ ಮಾಡಿ.

ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಯಾದರೆ ಅಡಿಗೆ 10 ಮಿ.ಮೀ. ಥರ್ಮಾಕೋಲ್ ಹಾಳೆ ಹಾಸಿ, ಸಣ್ಣಪುಟ್ಟ ಏರಿಳಿತ ಅದರಲ್ಲಿ ಮುಚ್ಚಿಹೋಗುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ತಳದ ಗಾಜು ಹಲಗೆಗೆ ತಾಗದ ತೊಟ್ಟಿಗೆ ಥರ್ಮಾಕೋಲ್ ಬೇಡ. ನೆಲವೇ ಇಳಿಜಾರಾಗಿದ್ದರೆ ಬೆಣೆಯನ್ನು ಸ್ಟ್ಯಾಂಡಿನ ಕೆಳಗೆ ಕೊಡಿ, ತೊಟ್ಟಿಯ ಕೆಳಗೆ ಎಂದೂ ಕೊಡಬೇಡಿ.

14. ಕಾಣದ ಕಡೆಗೇ ಮೊದಲು ಬಣ್ಣ

ನೀರು ಒಳಗೆ ಹೋಗುವುದು ಹೊಳೆಯುವ ಮುಂಭಾಗದಿಂದಲ್ಲ. ಪ್ಲೈವುಡ್ ಅಂಚು, ಕಾಲಿನ ತಳ, ಸ್ಕ್ರೂ ತೂತು, ಹಲಗೆಯ ಅಡಿಭಾಗ ಅದರ ದಾರಿಗಳು. 80, 120, 220 ನಂಬರಿನ ಉಪ್ಪುಕಾಗದದಿಂದ ಸಾಲಾಗಿ ಉಜ್ಜಿ, ಧೂಳು ಒರೆಸಿ, ಈ ಜಾಗಗಳಿಗೆ ಮೊದಲು ಪಿಯು ಪಾಲಿಶ್ ಅಥವಾ ಪ್ರೈಮರ್ ಕುಡಿಸಿ. ಆಮೇಲೆ ಇಡೀ ಸ್ಟ್ಯಾಂಡಿಗೆ ಎರಡು ಮೂರು ಕೋಟ್ ಕೊಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ, ಒಂದೆರಡು ವಾರವಾದರೂ ಸರಿ, ಮೀನು ತರಬೇಡಿ.

15. ಗೆದ್ದಲ ಮದ್ದು, ಕರೆಂಟು: ಎರಡರಲ್ಲೂ ಎಚ್ಚರ

ಗೆದ್ದಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್ ಮೀನಿಗೆ ಘೋರ ವಿಷ. ಮದ್ದು ಬೇಕಿದ್ದರೆ ಮರದ ಕೆಲಸದ ಹಂತದಲ್ಲೇ ಮುಗಿಸಿ, ಒಣಗಿಸಿ, ಮೇಲೆ ಪಾಲಿಶ್ ಮಾಡಿ. ತೊಟ್ಟಿ ತುಂಬಿದ ಮೇಲೆ ಸುತ್ತಮುತ್ತ ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ. ಕಾಲಿನ ಕೆಳಗೆ ರಬ್ಬರ್ ತುಂಡು ಕೊಟ್ಟರೆ ನೆಲ ಒರೆಸುವ ನೀರು ಮರಕ್ಕೆ ತಾಗದು.

ಸ್ವಿಚ್ ಬೋರ್ಡನ್ನು ತೊಟ್ಟಿಯ ಕೆಳಗೆ ಹಾಕದೆ ಪಕ್ಕಕ್ಕೆ, ಎತ್ತರದಲ್ಲಿ ಹಾಕಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗಬೇಕು. ಆಗ ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ಮನೆಯ ಬೋರ್ಡಿನಲ್ಲಿ, ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು.

16. ಗಾಜಿಗಿಂತ ಮೊದಲು ಸಿಮೆಂಟ್ ಮೂಟೆ

ಒಂದು ಮೂಟೆ ಸಿಮೆಂಟ್ 50 ಕಿಲೋ. ಐದು ಮೂಟೆ ಹೇರಿದರೆ 250 ಕಿಲೋ, ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ. ಸಿಮೆಂಟ್ ಸಿಗದಿದ್ದರೆ ಅಕ್ಕಿ ಮೂಟೆ, ಮರಳಿನ ಚೀಲವೂ ಆದೀತು. ಭಾರ ಹೇರುವ ಮೊದಲು ಮುಂದಿನ ಅಡ್ಡಪಟ್ಟಿಯ ಉದ್ದಕ್ಕೆ ದಾರ ಎಳೆದು ಕಟ್ಟಿ. ಹೇರಿದ ಮೇಲೆ ಪಟ್ಟಿಯ ನಡುಭಾಗ ದಾರದಿಂದ ಎಷ್ಟು ಕೆಳಗಿಳಿಯಿತು ನೋಡಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಇನ್ನೂ ಇಳಿಯುತ್ತಿದ್ದರೆ, ಕೂಡಿಕೆ ಬಾಯಿ ಬಿಟ್ಟಿದ್ದರೆ, ಪಕ್ಕದಿಂದ ತಳ್ಳಿದಾಗ ಕಿರುಗುಟ್ಟಿದರೆ ಮೂಟೆ ಇಳಿಸಿ ಆ ಜಾಗ ಬಲಪಡಿಸಿ.

ಪರೀಕ್ಷೆ ಗೆದ್ದ ಮೇಲೆ ತೊಟ್ಟಿ ಇಟ್ಟು ಕಾಲು ಭಾಗ ನೀರು ತುಂಬಿ, ರಸಮಟ್ಟ ನೋಡಿ. ಸರಿಯಿದ್ದರೆ ಅರ್ಧ, ಆಮೇಲೆ ಪೂರ್ತಿ. ಗಾಜಿನ ನಾಲ್ಕೂ ಬದಿಯಲ್ಲಿ ನೀರಿನ ಗೆರೆ ಮೇಲಂಚಿನಿಂದ ಒಂದೇ ದೂರದಲ್ಲಿರಬೇಕು. ಹಾಗೇ ಒಂದು ರಾತ್ರಿ ಬಿಟ್ಟು ಮರುದಿನ ಇನ್ನೊಮ್ಮೆ ಅಳೆಯಿರಿ. ಇಲ್ಲಿಯವರೆಗೆ ಕಂಡ ಯಾವ ತಪ್ಪನ್ನೂ ಒಂದು ಸಂಜೆಯಲ್ಲಿ ತಿದ್ದಬಹುದು. ಗಿಡ ಬೇರುಬಿಟ್ಟು ಮೀನು ಒಗ್ಗಿಕೊಂಡ ಮೇಲೆ ಕಾಣುವ ತಪ್ಪನ್ನು ತಿದ್ದಲು ಇಡೀ ತೊಟ್ಟಿಯನ್ನೇ ಖಾಲಿ ಮಾಡಬೇಕು. ಆದ್ದರಿಂದ ಸ್ಟ್ಯಾಂಡಿಗೆ ಒಂದು ವಾರ ಹೆಚ್ಚು ಹಿಡಿದರೆ ಹಿಡಿಯಲಿ, ಮೀನನ್ನು ಆಮೇಲೆ ತನ್ನಿ.