ಬಂಕ್‌ನಲ್ಲಿ ತಡೆಹಿಡಿದ ಹಣ ಎಲ್ಲಿ ಹೋಯಿತು?

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಡೆಬಿಟ್ ಕಾರ್ಡ್ ಬಳಸಿ 30 ಡಾಲರ್ ಪೆಟ್ರೋಲ್ ಹಾಕಿಕೊಂಡೆ. ಖಾತೆಯಲ್ಲಿ 175 ಡಾಲರ್ ಕಡಿಮೆ ತೋರಿಸುತ್ತಿದೆ. ಮೋಸ ಹೋದೆನೇ?

ಉತ್ತರ: ಗಾಬರಿಯಾಗಬೇಡಿ, ಇದು ಮೋಸವಲ್ಲ. ಅಲ್ಲಿ ಮೊದಲು ಪಂಪ್‌ಗೆ ಕಾರ್ಡ್ ಹಾಕಿ, ಆಮೇಲೆ ನೀವೇ ಪೆಟ್ರೋಲ್ ತುಂಬಿಸಿಕೊಳ್ಳುತ್ತೀರಿ. ಎಷ್ಟು ತುಂಬಿಸುತ್ತೀರೆಂದು ಬಂಕ್‌ನವರಿಗೆ ಮೊದಲೇ ತಿಳಿಯದು. ಹಾಗಾಗಿ ಒಂದಷ್ಟು ಮೊತ್ತವನ್ನು ತಡೆಹಿಡಿಯುವಂತೆ ನಿಮ್ಮ ಬ್ಯಾಂಕನ್ನು ಕೇಳುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಹೀಗೆ ತಡೆಹಿಡಿಯಬಹುದಾದ ಮೊತ್ತದ ಮಿತಿಯನ್ನು 2022ರಲ್ಲಿ 125ರಿಂದ 175 ಡಾಲರ್‌ಗೆ ಏರಿಸಿದವು. ಆ ಹಣ ಖಾತೆಯಲ್ಲೇ ಇರುತ್ತದೆ, ಆದರೆ ನೀವು ಬಳಸುವಂತಿಲ್ಲ. ನಿಜವಾದ ಬಿಲ್ ಬ್ಯಾಂಕಿಗೆ ತಲುಪಿದಾಗ 30 ಡಾಲರ್ ಮಾತ್ರ ಕಡಿತವಾಗಿ, ಉಳಿದ 145 ಬಿಡುಗಡೆಯಾಗುತ್ತದೆ. ಇದಕ್ಕೆ ಕೆಲವೊಮ್ಮೆ ಕೆಲವೇ ಗಂಟೆ, ಕೆಲವೊಮ್ಮೆ ಎರಡು ಮೂರು ದಿನ ಹಿಡಿಯುತ್ತದೆ.

ಕಷ್ಟವಾಗುವುದು ಕೈಯಲ್ಲಿ ಕಡಿಮೆ ದುಡ್ಡಿರುವ ನಿಮ್ಮಂಥವರಿಗೇ. ಖಾತೆಯಲ್ಲಿ 200 ಡಾಲರ್ ಇದ್ದು 175 ತಡೆಹಿಡಿದರೆ, ಅದೇ ದಿನ 40 ಡಾಲರ್‌ನ ಫೋನ್ ಬಿಲ್ ಕಟ್ಟಲಾಗದು. ಬ್ಯಾಂಕು ದಂಡವನ್ನೂ ಹಾಕಬಹುದು.

ಇನ್ನು ಮುಂದೆ ಬಂಕ್‌ನ ಕೌಂಟರ್‌ಗೆ ಹೋಗಿ, ‘ಮೂರನೇ ಪಂಪ್‌ಗೆ 30 ಡಾಲರ್’ ಎಂದು ಹೇಳಿ ಮುಂಚಿತವಾಗಿ ಪಾವತಿಸಿ. ಪಂಪ್‌ನಲ್ಲೇ ಡೆಬಿಟ್ ಕಾರ್ಡ್ ಬಳಸುವುದಾದರೆ ಪಿನ್ ಒತ್ತಿ. ಆಗ ಸಾಮಾನ್ಯವಾಗಿ ತಡೆ ಬೇಗ ತೆರವಾಗುತ್ತದೆ. ಕ್ರೆಡಿಟ್ ಕಾರ್ಡ್ ಇನ್ನೂ ಒಳ್ಳೆಯದು: ತಡೆ ಬೀಳುವುದು ಸಾಲದ ಮಿತಿಯ ಮೇಲೆ, ನಿಮ್ಮ ಊಟದ ದುಡ್ಡಿನ ಮೇಲಲ್ಲ. ರಸೀದಿ ಜೋಪಾನವಾಗಿಡಿ. ವಾರ ಕಳೆದರೂ ಹಣ ಬಿಡುಗಡೆಯಾಗದಿದ್ದರೆ ಸಂಕೋಚಪಡದೆ ಬ್ಯಾಂಕಿಗೆ ಫೋನ್ ಮಾಡಿ.