ಸಾಲ್ವೀನಿಯಾ ಕಳೆ ಮತ್ತು ಮೂಂಡಾರಾ ಸರೋವರ

ಸಾಲ್ವೀನಿಯಾ ಮೊಲೆಸ್ಟಾ ನೀರಿನ ಮೇಲೆ ತೇಲುವ ಜರೀಗಿಡ. ಮೂಲ ಆಗ್ನೇಯ ಬ್ರೆಜಿಲ್. ಗುರುತು ಹಿಡಿಯಲು ಎಲೆಯ ಮೇಲ್ಮೈಯ ರೋಮಗಳನ್ನು ನೋಡಬೇಕು: ತುದಿಯಲ್ಲಿ ನಾಲ್ಕು ಎಳೆ ಕೂಡಿ ಕಡಗೋಲಿನ ತಲೆಯಂತೆ ಕಾಣುತ್ತವೆ. ಬೇರಿನಂತೆ ಜೋತುಬಿದ್ದಿರುವುದು ನಿಜಕ್ಕೂ ಮಾರ್ಪಟ್ಟ ಎಲೆ. ಫಲವತ್ತಾದ ಬೀಜಾಣುಗಳಿಲ್ಲ, ತುಂಡಾದ ಕಾಂಡದಿಂದಲೇ ಹಬ್ಬುತ್ತದೆ. ಆದ್ದರಿಂದ ಅರೆಬರೆ ಕಿತ್ತರೆ ಉಪದ್ರವವೇ ಹೆಚ್ಚು.

ಇದನ್ನು ಬಹುಕಾಲ ಸಾ. ಆರಿಕ್ಯುಲೇಟಾ ಎಂದೇ ತಿಳಿದಿದ್ದರು. ಡಿ. ಎಸ್. ಮಿಚೆಲ್ 1972ರಲ್ಲಿ ಬೇರೆ ಪ್ರಭೇದವೆಂದು ಹೆಸರಿಸಿದರು. ಕಳೆಯನ್ನು ತಿಂದು ಹತ್ತಿಕ್ಕಲೆಂದು ಅದುವರೆಗೆ ಬಿಟ್ಟಿದ್ದ ಕೀಟಗಳಿಂದ ಅದನ್ನು ಹತೋಟಿಗೆ ತರಲಾಗದ್ದಕ್ಕೆ ಈ ತಪ್ಪು ಗುರುತೂ ಕಾರಣ. 1978ರಲ್ಲಿ ಕಳೆಯ ತವರು ಪತ್ತೆಯಾಯಿತು. ಅಲ್ಲೇ ಸಿಕ್ಕಿತು ಸುಮಾರು 2 ಮಿ.ಮೀ. ಉದ್ದದ ಮೂತಿಹುಳು, ಸಿರ್ಟೋಬಾಗಸ್ ಸಾಲ್ವೀನಿಯೇ. ಪ್ರೌಢ ಹುಳು ಮೊಗ್ಗು ತಿಂದರೆ ಮರಿ ಕಾಂಡವನ್ನೇ ಕೊರೆಯುತ್ತದೆ.

1980ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂಂಡಾರಾ ಸರೋವರಕ್ಕೆ ಈ ಹುಳುವನ್ನು ಬಿಡಲಾಯಿತು. ಮರುವರ್ಷದೊಳಗೆ ಸುಮಾರು 200 ಹೆಕ್ಟೇರ್ ಕಳೆ ನಾಶವಾಯಿತು. ಭಾರತಕ್ಕೆ ಈ ಹುಳು ಬಂದದ್ದೂ ಆಸ್ಟ್ರೇಲಿಯಾದಿಂದಲೇ. ಮೊದಲು ಪರೀಕ್ಷಿಸಿದ್ದು ಬೆಂಗಳೂರಿನ ಕೊಳವೊಂದರಲ್ಲಿ, ಆಮೇಲೆ ಕೇರಳದ ಹಿನ್ನೀರು-ಕಾಲುವೆಗಳಲ್ಲಿ. ಅಲ್ಲಿ ಈ ಕಳೆಗೆ ‘ಆಫ್ರಿಕನ್ ಪಾಯಲ್’ ಎನ್ನುತ್ತಾರೆ. ಹೆಸರು ನಂಬಿ ಮೂಲ ಆಫ್ರಿಕಾ ಎಂದುಕೊಳ್ಳಬೇಡಿ.