ಮನೆಯ ಮದ್ದಿನ ಚೀಲ: ವೈಯಾವೃತ್ತ್ಯದ ಒಂದು ಸಿದ್ಧತೆ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಔಷಧದಾನಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ತ್ಯವು ಆರು ಅಂತರಂಗ ತಪಗಳಲ್ಲಿ ಮೂರನೆಯದು. ಆ ಸೇವೆಗೆ ಪಾತ್ರರಾದ ಹತ್ತು ಮಂದಿಯಲ್ಲಿ ‘ಗ್ಲಾನ’, ಎಂದರೆ ರೋಗದಿಂದ ಬಳಲಿದವನು, ಒಬ್ಬ. ಇದು ಮೂಲತಃ ಮುನಿಸಂಘವನ್ನು ಕುರಿತ ಮಾತು. ಆದರೆ ಮನೆಯ ರೋಗಿಯ ಸೇವೆಯಲ್ಲಿ ಅಭ್ಯಾಸವಿಲ್ಲದವನು ಸಂಘದ ಸೇವೆಯಲ್ಲಿ ಕುಶಲನಾಗುವುದು ಕಷ್ಟ.

ಸೇವೆಗೆ ಮನಸ್ಸೊಂದೇ ಸಾಲದು, ಉಪಕರಣವೂ ಬೇಕು. ಮನೆಗೊಂದು ಮದ್ದಿನ ಚೀಲ ಆ ಉಪಕರಣ.

ಒಂದು ರಾತ್ರಿಯ ದೃಷ್ಟಾಂತ

ಇಂತಹ ಒಂದು ಸಂದರ್ಭವನ್ನು ಊಹಿಸಬಹುದು. ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿ. ಅರುವತ್ತೆಂಟು ವರ್ಷದ ಹಿರಿಯಾಕೆ ಉಪವಾಸದಲ್ಲಿದ್ದಾರೆ. ಮಧುಮೇಹಕ್ಕೆ ದಿನವೂ ನುಂಗುವ ಗುಳಿಗೆಯನ್ನು ಅಂದೂ ರೂಢಿಯಂತೆ ಬೆಳಗಿನ ಜಾವವೇ ನುಂಗಿದ್ದಾರೆ. ಅನ್ನ ಮಾತ್ರ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಸೊಸೆ ಸಕ್ಕರೆಯ ನೀರನ್ನು ಹಿಡಿದು ಬಂದಳು. “ಬೇಡಮ್ಮ, ವ್ರತ ಕೆಡುತ್ತದೆ” ಎಂದು ಅತ್ತೆ ಮುಖ ತಿರುಗಿಸಿದರು. “ಅತ್ತೇ, ಒಂದು ಗುಟುಕು ಕುಡಿಯಿರಿ” ಎಂದು ಸೊಸೆ ಅಂಗಲಾಚಿದಳು. ಮಗನು ವೈದ್ಯರ ಚೀಟಿಯನ್ನು ಹುಡುಕಿದನು. ಅದು ಯಾವ ಪೆಟ್ಟಿಗೆಯಲ್ಲಿದೆಯೆಂಬುದು ಯಾರಿಗೂ ತಿಳಿಯದು. ಗುಳಿಗೆಯ ಹೆಸರು ಹಿರಿಯಾಕೆಗೆ ಮಾತ್ರ ಗೊತ್ತು, ಅವರಿಗೀಗ ಮಾತು ಬಾರದು.

ಈ ಮನೆಯಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಎರಡಕ್ಕೆ: ಮೊದಲೇ ಮಾಡಿಕೊಳ್ಳಬೇಕಾದ ನಿರ್ಣಯಕ್ಕೆ, ಮೊದಲೇ ಕಟ್ಟಿಡಬೇಕಾದ ಚೀಲಕ್ಕೆ.

ಮೊದಲ ಸಿದ್ಧತೆ: ನಿರ್ಣಯ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣವುಂಟು. ತನ್ನ ಶಕ್ತಿಯನ್ನು ಮರೆಮಾಚದೆ, ಅದನ್ನು ಮೀರದೆ ಆಚರಿಸುವುದೆಂದು ಅದರ ತಾತ್ಪರ್ಯ. ಸಮಂತಭದ್ರರು ಚತುರ್ವಿಧಾಹಾರದ ತ್ಯಾಗವನ್ನು ಉಪವಾಸವೆಂದೂ ಒಂದೇ ಹೊತ್ತಿನ ಊಟವನ್ನು ಪ್ರೋಷಧವೆಂದೂ ಬೇರ್ಪಡಿಸಿದ್ದಾರೆ. ಉಪವಾಸಕ್ಕೆ ದೇಹ ಒಪ್ಪದವರಿಗೆ ಏಕಾಶನವುಂಟು, ರಸಪರಿತ್ಯಾಗವುಂಟು. ದೇಹಬಲ ಕುಗ್ಗಿದವನು ಕೆಳಗಿನ ಮೆಟ್ಟಿಲಲ್ಲಿ ನಿಂತರೆ ಅದು ವ್ರತಭಂಗವಲ್ಲ, ವಿವೇಕ.

ಆದುದರಿಂದ ಮಧುಮೇಹ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ರೋಗವುಳ್ಳವರು, ಗರ್ಭಿಣಿಯರು, ಹಾಲೂಡುವ ತಾಯಂದಿರು ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಉಪವಾಸದ ದಿನ ಯಾವ ಗುಳಿಗೆಯನ್ನು ಬಿಡಬೇಕು, ಯಾವುದನ್ನು ತಗ್ಗಿಸಬೇಕು, ಯಾವುದನ್ನು ಬಿಡಲೇಬಾರದು ಎಂಬುದನ್ನು ಬರೆಯಿಸಿಕೊಳ್ಳಬೇಕು. ರೂಢಿಯಂತೆ ನುಂಗುವುದೂ ತಾನಾಗಿ ನಿಲ್ಲಿಸುವುದೂ ಎರಡೂ ಅಪಾಯವೇ. ಅನಂತರ ಪ್ರತ್ಯಾಖ್ಯಾನವನ್ನು ಸ್ವೀಕರಿಸುವ ಮುನ್ನ ಗುರುಗಳಲ್ಲಿ, “ಪ್ರಾಣಾಪಾಯ ಒದಗಿದರೆ ನೀರು, ಔಷಧಗಳ ವಿಷಯದಲ್ಲಿ ನಡೆಯಬೇಕಾದ ಕ್ರಮವೇನು?” ಎಂದು ಕೇಳಿ, ಅವರ ಮಾತನ್ನು ಮನೆಯವರೆಲ್ಲರ ಎದುರಿಗೆ ಸ್ಪಷ್ಟಪಡಿಸಿಕೊಳ್ಳಬೇಕು. ನಿಯಮದಲ್ಲಿ ಲೋಪವಾದರೆ ಅದಕ್ಕೆ ಪ್ರಾಯಶ್ಚಿತ್ತವುಂಟು. ಅಂತರಂಗ ತಪಗಳಲ್ಲಿ ಅದೇ ಮೊದಲನೆಯದು. ಅಜಾಗರೂಕತೆಯಿಂದ ಕಳೆದ ಮನುಷ್ಯಜನ್ಮಕ್ಕೆ ಅಂತಹ ಸರಿಪಡಿಸುವಿಕೆ ಇಲ್ಲ. ಸಲ್ಲೇಖನದ ವಿಚಾರ ಇದರಿಂದ ಬೇರೆ. ಅದು ಗುರುಸನ್ನಿಧಿಯಲ್ಲಿ ಪೂರ್ಣ ಅರಿವಿನಿಂದ ಸ್ವೀಕರಿಸುವಂಥದು. ಸಕ್ಕರೆ ಇಳಿದು ತಪ್ಪಿದ ಎಚ್ಚರವನ್ನು ಅದರೊಡನೆ ಬೆರಸುವುದು ತಿಳಿಗೇಡಿತನ.

ಎರಡನೆಯ ಸಿದ್ಧತೆ: ಚೀಲ

ಚೀಲವು ಗಟ್ಟಿ ಬಟ್ಟೆಯದಾಗಿರಲಿ, ಚರ್ಮದ್ದು ಬೇಡ. ಭುಜಕ್ಕೆ ಹಾಕಿಕೊಳ್ಳುವಂತಿದ್ದು ಬಣ್ಣ ಎದ್ದು ಕಾಣುವಂತಿರಬೇಕು. ಬಿಸಿ ಮತ್ತು ಹಬೆ ಔಷಧವನ್ನು ಕೆಡಿಸುವುದರಿಂದ ಅಡಿಗೆಮನೆಯಲ್ಲಾಗಲಿ ಬಚ್ಚಲಮನೆಯಲ್ಲಾಗಲಿ ಇಡಬಾರದು. ಮಕ್ಕಳ ಕೈಗೆ ಎಟುಕದೆ, ಹಿರಿಯರ ಕೈಗೆ ಕತ್ತಲಲ್ಲಿಯೂ ಸಿಗುವ ಜಾಗ ತಕ್ಕುದು. ಅದರೊಳಗೆ ಇರಬೇಕಾದವು ಇವು:

೧. ಕಾಗದಗಳು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಹೆಸರು, ವಯಸ್ಸು, ರಕ್ತದ ಗುಂಪು, ಇರುವ ರೋಗಗಳು, ನುಂಗುವ ಗುಳಿಗೆಗಳ ಹೆಸರು, ಪ್ರಮಾಣ, ಹೊತ್ತು, ಮೈಗೆ ಒಗ್ಗದ ಔಷಧ, ವೈದ್ಯರ ಹಾಗೂ ಹತ್ತಿರದ ನೆಂಟರ ದೂರವಾಣಿ ಸಂಖ್ಯೆ. ಪರ್ವಕಾಲದಲ್ಲಿ ‘ಉಪವಾಸ ಆರಂಭವಾದ ದಿನ, ಹೊತ್ತು’ ಎಂಬ ಒಂದು ಸಾಲನ್ನು ಸೇರಿಸಬೇಕು. ವೈದ್ಯರಿಗೆ ಅದು ಬಹು ಮುಖ್ಯವಾದ ಸುಳಿವು. ಚೀಟಿಗಳ ನಕಲು, ಗುರುತಿನ ಚೀಟಿ, ವಿಮೆ ಅಥವಾ ಆಯುಷ್ಮಾನ್ ಕಾರ್ಡಿನ ನಕಲು ಜೊತೆಗಿರಲಿ.

೨. ದಿನವೂ ನುಂಗುವ ಔಷಧ ಏಳು ದಿನಗಳಿಗೆ ಸಾಲುವಷ್ಟು, ಮೂಲ ಪಟ್ಟಿಯಲ್ಲಿಯೇ. ಬಿಡಿಸಿ ಡಬ್ಬಿಗೆ ಸುರಿದರೆ ಹೆಸರೂ ಅವಧಿಯೂ ತಿಳಿಯುವುದಿಲ್ಲ. ಉಬ್ಬಸವುಳ್ಳವರ ಇನ್‌ಹೇಲರ್ ಒಂದು ಹೆಚ್ಚಿನದಾಗಿ ಇರಲಿ.

೩. ಗ್ಲೂಕೋಸ್ ಪುಡಿ, ಓ.ಆರ್.ಎಸ್. ಪೊಟ್ಟಣಗಳು ನಾಲ್ಕು, ಒಂದು ಲೀಟರಿನ ಅಳತೆ ತಿಳಿಯುವ ಬಾಟಲಿ, ಒಂದು ಚಹಾ ಚಮಚ.

೪. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್. ವೈದ್ಯರು ಹೃದ್ರೋಗಿಗೆ ಮೊದಲೇ ಹೇಳಿಟ್ಟಿದ್ದರೆ ಆಸ್ಪಿರಿನ್.

೫. ಗಾಯಕ್ಕೆ: ಹತ್ತಿ, ಶುದ್ಧೀಕರಿಸಿದ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜು, ಅಂಟುಪಟ್ಟಿ, ಪೊವಿಡೋನ್ ಅಯೊಡಿನ್ ಮುಲಾಮು, ಕತ್ತರಿ, ಚಿಮಟ, ರಬ್ಬರ್ ಕೈಗವಸು, ಸಾಬೂನು.

೬. ಜ್ವರಮಾಪಕ, ಸಕ್ಕರೆ ನೋಡುವ ಯಂತ್ರ ಮತ್ತು ಅದರ ಪಟ್ಟಿಗಳು, ರಕ್ತದೊತ್ತಡ ನೋಡುವ ಯಂತ್ರ, ಟಾರ್ಚು, ಹೆಚ್ಚಿನ ಕನ್ನಡಕ, ಸ್ವಲ್ಪ ನಗದು ಹಣ.

ಆಚಾರಶುದ್ಧಿಯ ಪ್ರಶ್ನೆ

ವೈದ್ಯಶಾಸ್ತ್ರವು ಜೈನರಿಗೆ ಹೊರಗಿನದಲ್ಲ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿ, ಮಾಂಸವಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಕನ್ನಡದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನೂ ಬರೆದರು. ಆ ಎಚ್ಚರವನ್ನು ಇಂದಿನ ಚೀಲಕ್ಕೂ ಅನ್ವಯಿಸಬೇಕು.

ಕ್ಯಾಪ್ಸೂಲುಗಳ ಹೊರಕವಚ ಸಾಮಾನ್ಯವಾಗಿ ಜಿಲಾಟಿನ್‌ನಿಂದ ಆದುದು. ಜಿಲಾಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದದ್ದು. ಅದೇ ಔಷಧ ಗುಳಿಗೆಯ ರೂಪದಲ್ಲಿಯೋ ಸಸ್ಯಮೂಲದ ಕವಚದಲ್ಲಿಯೋ ದೊರೆಯುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು. ಕೆಲವು ಲೇಹ್ಯಗಳಲ್ಲಿ ಜೇನು, ಕೆಲವು ಕೆಮ್ಮಿನ ಔಷಧಗಳಲ್ಲಿ ಮದ್ಯಸಾರ ಇರುತ್ತದೆ. ಚೀಟಿಯನ್ನು ಓದಿ ಕೊಳ್ಳಬೇಕು. ಇನ್ಸುಲಿನ್ ಕುರಿತ ಹಳೆಯ ಸಂಕೋಚಕ್ಕೆ ಈಗ ಎಡೆಯಿಲ್ಲ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ೧೯೮೨ರಲ್ಲಿ ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್‌ಗೆ ಮನ್ನಣೆ ದೊರೆಯಿತು, ಇಂದು ಬಳಕೆಯಲ್ಲಿರುವುದು ಬಹುಮಟ್ಟಿಗೆ ಆ ಬಗೆಯದೇ. ಇಂತಹ ವಿಚಾರಣೆಯನ್ನು ಆರೋಗ್ಯವಾಗಿರುವಾಗ ಮಾಡಿ ಮುಗಿಸಬೇಕು. ಉಸಿರು ಸಿಕ್ಕಿಕೊಂಡ ಹೊತ್ತಿನಲ್ಲಿ ಚೀಟಿ ಓದುತ್ತ ಕೂಡಲಾಗದು.

ಚೀಲದ ಬಳಕೆ

ಸಕ್ಕರೆ ಇಳಿದಾಗ: ರಕ್ತದ ಸಕ್ಕರೆ ೭೦ ಮಿ.ಗ್ರಾಂ.ಗಿಂತ ಕೆಳಗಿದ್ದರೆ ಅದು ಅಪಾಯದ ಸೂಚನೆ. ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಹಾ ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಯಂತ್ರವಿಲ್ಲದಿದ್ದರೂ ಬೆವರು, ನಡುಕ, ತೊದಲು ಕಂಡರೆ ತಡಮಾಡಬಾರದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಲಾಗದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ ೧೦೮ಕ್ಕೆ ಕರೆ ಮಾಡಬೇಕು.

ವಾಂತಿಭೇದಿ, ನೀರಿನ ಕೊರತೆ: ಒಂದು ಪೊಟ್ಟಣ ಓ.ಆರ್.ಎಸ್. ಅನ್ನು ಅದರ ಮೇಲೆ ಹೇಳಿದಷ್ಟೇ ನೀರಿನಲ್ಲಿ, ಸಾಮಾನ್ಯವಾಗಿ ಒಂದು ಲೀಟರಿನಲ್ಲಿ, ಪೂರ್ತಿಯಾಗಿ ಕರಗಿಸಬೇಕು. ಅರ್ಧ ಪೊಟ್ಟಣದ ಲೆಕ್ಕ ಬೇಡ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಈ ಬಗೆಯ ದ್ರಾವಣದಿಂದಲೇ ಬಹು ಜನರ ಪ್ರಾಣ ಉಳಿಸಿದರು. ೨೦೨೩ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಸೋಸಿ ಕುದಿಸಿದ ನೀರಿಗೆ ಶ್ರಾವಕಾಚಾರದಲ್ಲಿ ಇಪ್ಪತ್ತನಾಲ್ಕು ಗಂಟೆಯ ಮರ್ಯಾದೆ, ಕರಗಿಸಿದ ಓ.ಆರ್.ಎಸ್. ಅನ್ನೂ ಇಪ್ಪತ್ತನಾಲ್ಕು ಗಂಟೆಯ ಮೇಲೆ ಬಳಸಬಾರದು. ಎರಡು ಶಿಸ್ತೂ ಇಲ್ಲಿ ಒಂದಾಗುತ್ತವೆ.

ಎದೆನೋವು: ಎದೆಯಲ್ಲಿ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ಬೆವರು ಬಂದರೆ, ವಾಯುವೆಂದು ಕಾಯಬಾರದು. ರೋಗಿಯನ್ನು ನಡೆಸದೆ ಕೂಡಿಸಿ ವಾಹನ ಕರೆಸಬೇಕು. ಆಸ್ಪಿರಿನ್ ಒಗ್ಗದವರಲ್ಲದಿದ್ದರೆ, ವೈದ್ಯರು ಮೊದಲೇ ಹೇಳಿದ್ದರೆ, ೩೦೦ ಮಿ.ಗ್ರಾಂ. ಸುಮಾರಿನ ಪ್ರಮಾಣವನ್ನು ಅಗಿದು ನುಂಗಿಸಬಹುದು.

ಪಾರ್ಶ್ವವಾಯು: ಮುಖ ಓರೆಯಾಗುವುದು, ಒಂದು ಕೈ ಸೋಲುವುದು, ಮಾತು ತಡವರಿಸುವುದು ಇದರ ಲಕ್ಷಣ. ಅದು ಆರಂಭವಾದ ಹೊತ್ತನ್ನು ಹಾಳೆಯಲ್ಲಿ ಬರೆಯಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಇಲ್ಲಿ ಆಸ್ಪಿರಿನ್ ಕೊಡಬಾರದು; ಕಾರಣ ರಕ್ತಸ್ರಾವವೋ ಹೆಪ್ಪೋ ಎಂಬುದು ಮನೆಯಲ್ಲಿ ತಿಳಿಯದು.

ಸುಟ್ಟಗಾಯ, ರಕ್ತಸ್ರಾವ, ಹಾವಿನ ಕಡಿತ: ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು; ಶಾಯಿ, ಹಲ್ಲಿನ ಪೇಸ್ಟು ಬೇಡ. ರಕ್ತ ಸುರಿದರೆ ಶುಚಿಯಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಅಂಗವನ್ನು ಅಲುಗಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಕೊಂದು ತರುವ ಅಗತ್ಯ ವೈದ್ಯರಿಗಿಲ್ಲ, ಶ್ರಾವಕನಿಗಂತೂ ಅದು ಸರ್ವಥಾ ಸಲ್ಲದು.

ಚೀಲದ ಪ್ರತಿಲೇಖನ

ಸಾಧುಗಳು ಉಪಕರಣಗಳನ್ನು ನೋಡಿ, ಒರೆಸಿ ಬಳಸುವಂತೆ ಗೃಹಸ್ಥನೂ ಈ ಚೀಲವನ್ನು ಆಗಾಗ ತೆರೆದು ನೋಡಬೇಕು. ನೆನಪಿಗೆ ಒಂದು ಸುಲಭೋಪಾಯವುಂಟು. ಕಾರ್ತಿಕ, ಫಾಲ್ಗುಣ, ಆಷಾಢಗಳ ಮೂರು ಅಷ್ಟಾಹ್ನಿಕಗಳ ಮುನ್ನಾದಿನ, ದಶಲಕ್ಷಣ ಪರ್ವದ ಮುನ್ನಾದಿನ, ಹೀಗೆ ವರ್ಷಕ್ಕೆ ನಾಲ್ಕು ಬಾರಿ ನೋಡಬಹುದು. ಅವಧಿ ಮುಗಿದ ಔಷಧವನ್ನು ತೆಗೆದುಬಿಡಬೇಕು. ಅದನ್ನು ಚರಂಡಿಗೂ ಕೆರೆಗೂ ಎಸೆದರೆ ಜಲಜೀವಿಗಳಿಗೆ ಹಾನಿ. ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ವಿಲೇವಾರಿ ಮಾಡಬೇಕು. ಯಂತ್ರಗಳ ಬ್ಯಾಟರಿ, ಹಾಳೆಯಲ್ಲಿನ ಗುಳಿಗೆಗಳ ಹೆಸರು ಇವನ್ನೂ ಆಗಲೇ ಪರೀಕ್ಷಿಸಬೇಕು. ಚೀಲ ಎಲ್ಲಿದೆ, ೧೦೮ಕ್ಕೆ ಕರೆ ಮಾಡಿ ಹೇಳಬೇಕಾದುದೇನು ಎಂಬುದು ಮನೆಯ ಹತ್ತು ವರ್ಷದ ಮಗುವಿಗೂ ಗೊತ್ತಿರಬೇಕು.

ಆ ಅತ್ತೆಯ ಮನೆಯಲ್ಲಿ ಇಷ್ಟು ಮೊದಲೇ ನಡೆದಿದ್ದರೆ, ಅವರು ವೈದ್ಯರ ಮಾತಿನಂತೆ ಏಕಾಶನದಲ್ಲಿದ್ದು ಗುಳಿಗೆಯನ್ನೂ ತಗ್ಗಿಸಿಕೊಂಡಿರುತ್ತಿದ್ದರು. ಹಾಗಿದ್ದೂ ಸಕ್ಕರೆ ಇಳಿದಿದ್ದರೆ ಸೊಸೆ ಅಂಗಲಾಚಬೇಕಾಗಿರಲಿಲ್ಲ. ಗುರುಗಳೆದುರಿಗೆ ಆದ ಮಾತು ಇಬ್ಬರಿಗೂ ನೆನಪಿರುತ್ತಿತ್ತು. ಉಪವಾಸ ಮಾಡುವವರದು ಬಾಹ್ಯ ತಪ, ಅವರನ್ನು ಕಾಯುವವರದು ಅಂತರಂಗ ತಪ. ಒಂದೇ ಮನೆಯಲ್ಲಿ ಎರಡೂ ನಡೆದಾಗ ಪರ್ವ ಸಾರ್ಥಕವಾಗುತ್ತದೆ.

ಮನನಕ್ಕೆ ಪ್ರಶ್ನೆಗಳು

೧. ತ್ಯಾಗ, ತಪಗಳಿಗೆ ‘ಶಕ್ತಿತಃ’ ಎಂಬ ವಿಶೇಷಣ ಏಕೆ?
೨. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದೇಕೆ?
೩. ಓ.ಆರ್.ಎಸ್. ಪೊಟ್ಟಣವಿಲ್ಲದಾಗ ಮನೆಯಲ್ಲಿ ಬೆರಸುವ ಪ್ರಮಾಣವೇನು?
೪. ಮನೆಯ ಹಿರಿಯರು ನುಂಗುವ ಔಷಧಗಳ ಹೆಸರು ಇಂದು ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು?